ಎಡಗಡೆಯೇ ಇಲ್ಲದ ಖಾನಾವಳಿ

ಇದು ಕಲಬುರಗಿಯ ಹಳೆಯ ಓಣಿಯೊಂದರಲ್ಲಿ ಜೋಳದ ರೊಟ್ಟಿ ಖಾನಾವಳಿ ನಡೆಸುತ್ತಿದ್ದ ಹೆಣ್ಣುಮಗಳೊಬ್ಬರ ಪ್ರಕರಣ. ವಯಸ್ಸು ಅರವತ್ತು ದಾಟಿದೆ. ಓಣಿಯವರೆಲ್ಲ ಅವರನ್ನು ಆಯಿ ಎನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಲಕ್ವಾ ಹೊಡೆದವರು ಮತ್ತೆ ಉಣ್ಣುವುದು, ಉಡುವುದು, ತಮ್ಮ ಕೆಲಸಕ್ಕೆ ಮರಳುವುದು ಹೇಗೆ ಎಂದು ಕಲಿಸುವುದು ನನ್ನ ಉದ್ಯೋಗ. ಆಯಿ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ನನ್ನನ್ನು ಕರೆಸಿದರು.

ಆಯಿಗೆ ಬಿಪಿ, ಶುಗರ್ ಎರಡೂ ಇದ್ದವು. ಮಾತ್ರೆ ಆಗಾಗ ತಪ್ಪುತ್ತಿತ್ತು. ಒಂದು ಬೆಳಿಗ್ಗೆ ಎಸರಿಗೆ ನೀರಿಡುವಾಗ ಎಡಗೈ ಸೋತು, ಎಡಗಾಲು ಕುಸಿಯಿತು. ಸ್ಕ್ಯಾನ್ ಮಾಡಿದಾಗ ಮಿದುಳಿನ ಬಲಭಾಗಕ್ಕೆ ರಕ್ತ ಒಯ್ಯುವ ಮುಖ್ಯ ನಾಳದ ಒಂದು ಕವಲು ಕಟ್ಟಿಕೊಂಡಿದ್ದು ಗೊತ್ತಾಯಿತು. ಪೆಟ್ಟು ಬಿದ್ದದ್ದು ಬಲಗಿವಿಯ ಮೇಲ್ಭಾಗದಿಂದ ನೆತ್ತಿಯ ಕಡೆಗೆ ಹೋಗುವ ಜಾಗದಲ್ಲಿ. ತಲೆಯ ಹಿಂಭಾಗ, ಅಂದರೆ ಕಣ್ಣಿನ ಸುದ್ದಿ ಮೊದಲು ಬಂದು ತಲುಪುವ ಜಾಗ, ಚೆನ್ನಾಗಿಯೇ ಉಳಿದಿತ್ತು. ಅದಕ್ಕೆ ರಕ್ತ ಬರುವುದು ಬೇರೆ ನಾಳದಿಂದ. ಈ ಒಂದು ಸಂಗತಿ ಮುಂದೆ ತುಂಬಾ ಉಪಯೋಗಕ್ಕೆ ಬರುತ್ತದೆ.

ಕೈಕಾಲು ನಿಧಾನಕ್ಕೆ ಸುಧಾರಿಸುತ್ತಿದ್ದವು. ಮಾತು ಸ್ಪಷ್ಟವಾಗಿತ್ತು. ಯಾರ ಹತ್ತಿರ ಎಷ್ಟು ಬಾಕಿ ಇದೆ ಎಂಬ ಲೆಕ್ಕವೆಲ್ಲ ಬಾಯಲ್ಲೇ ಇತ್ತು. ಮನೆಯವರಿಗೆ ಚಿಂತೆ ಹತ್ತಿದ್ದು ಬೇರೆ ವಿಷಯಕ್ಕೆ. ತಾಟಿನಲ್ಲಿ ಬಲಗಡೆ ಹಾಕಿದ ಬ್ಯಾಳಿ, ಶೇಂಗಾ ಹಿಂಡಿ ಖಾಲಿಯಾಗುತ್ತಿದ್ದವು. ಎಡಗಡೆ ಹಾಕಿದ ಪುಂಡಿಪಲ್ಯ ಹಾಗೇ ಇರುತ್ತಿತ್ತು. ಅಷ್ಟೇ ಅಲ್ಲ, "ಪಲ್ಯ ಹಾಕೇ ಇಲ್ಲ ನನಗ" ಎಂದು ಆಯಿ ಸಿಟ್ಟಾಗುತ್ತಿದ್ದರು. ತಲೆ ಬಾಚಿದರೆ ಬಲಗಡೆ ಮಾತ್ರ. ಸೆರಗು ಎಡಭುಜದಿಂದ ಜಾರಿದರೆ ಗಮನವೇ ಇಲ್ಲ. ಬಾಗಿಲು ದಾಟುವಾಗ ಎಡಭುಜ ಚೌಕಟ್ಟಿಗೆ ಬಡಿಯುತ್ತಿತ್ತು.

ಮಗ ಇದನ್ನು ಕಣ್ಣಿನ ದೋಷ ಎಂದುಕೊಂಡಿದ್ದ. ಚಷ್ಮಾ ಬದಲಿಸಿಯೂ ಆಗಿತ್ತು. ಸೊಸೆಯ ನೋವು ಬೇರೆ. "ನಾ ಮಾತಾಡ್ಸಿದ್ರ ಮಾರಿ ಸುದ್ದಾ ತಿರಗ್ಸಂಗಿಲ್ರಿ ಮೇಡಂ. ಅವ್ರು ಕರದ್ರ ಕೂಡ್ಲೇ ಓ ಅಂತಾರ" ಎಂದು ಅಡುಗೆಮನೆಯಲ್ಲಿ ನನ್ನ ಹತ್ತಿರ ಹೇಳಿಕೊಂಡಳು. ಹಗಲು ರಾತ್ರಿ ಅತ್ತೆಯ ಸೇವೆ ಮಾಡುತ್ತಿದ್ದವಳು ಅವಳೇ. ಬೇಕಂತಲೇ ಹೀಗೆ ಮಾಡುತ್ತಾರೆ ಎಂದು ಅವಳಿಗೆ ಅನಿಸಿದ್ದರಲ್ಲಿ ಆಶ್ಚರ್ಯವೇನಿಲ್ಲ. ಆದರೆ ಕೋಣೆಯನ್ನು ನೋಡಿದರೆ ಉತ್ತರ ಅಲ್ಲೇ ಇತ್ತು. ಮಂಚ ಇಟ್ಟಿದ್ದ ರೀತಿಯಲ್ಲಿ ಅಡುಗೆಮನೆ ಬಾಗಿಲು ಆಯಿಯ ಎಡಕ್ಕೆ ಬರುತ್ತಿತ್ತು. ಸೊಸೆ ಬರುವುದೂ ಮಾತಾಡಿಸುವುದೂ ಆ ಕಡೆಯಿಂದಲೇ. ಮಗನ ಕುರ್ಚಿ ಬಲಕ್ಕಿತ್ತು. ಅವಳನ್ನು ಬಲಗಡೆ ನಿಂತು ಕರೆಯಲು ಹೇಳಿದೆ. ಆಯಿ ತಕ್ಷಣ ತಿರುಗಿ, "ಏನ್ ಯವ್ವಾ, ಉಂಡಿಯಿಲ್ಲೋ?" ಎಂದು ಕೇಳಿದರು. ಸೊಸೆ ಅಲ್ಲೇ ಕಣ್ಣೀರು ಹಾಕಿದಳು.

ಕಣ್ಣಲ್ಲ ಎಂದು ಹೇಗೆ ಗೊತ್ತಾಯಿತು

ಎಡಗಡೆ ಕಾಣದಿರುವುದಕ್ಕೆ ಎರಡು ಬೇರೆ ಬೇರೆ ಕಾರಣ ಇರಬಹುದು. ಎರಡನ್ನೂ ಒಂದೇ ಎಂದುಕೊಂಡರೆ ಮುಂದಿನ ಚಿಕಿತ್ಸೆಯೆಲ್ಲ ದಾರಿ ತಪ್ಪುತ್ತದೆ.

ನಾವು ಎಲ್ಲಿ ನೋಟ ನೆಟ್ಟಿದ್ದೇವೋ ಅದರ ಎಡಕ್ಕೆ ಇರುವುದೆಲ್ಲ, ಎರಡೂ ಕಣ್ಣುಗಳಿಂದ, ಬಲ ಮಿದುಳಿಗೆ ಹೋಗುತ್ತದೆ. ಬಲಕ್ಕೆ ಇರುವುದು ಎಡ ಮಿದುಳಿಗೆ. ತಲೆಯ ಹಿಂಭಾಗಕ್ಕೆ ಬಲಗಡೆ ಪೆಟ್ಟಾದರೆ ನೋಟದ ಎಡ ಅರ್ಧ ನಿಜಕ್ಕೂ ಕುರುಡಾಗುತ್ತದೆ. ಅಂಥವರಿಗೆ ಸಾಮಾನ್ಯವಾಗಿ ತಮಗೆ ಅರ್ಧ ಕಾಣುತ್ತಿಲ್ಲ ಎಂಬುದು ಬೇಗ ತಿಳಿಯುತ್ತದೆ. ಅವರು ಕತ್ತು ತಿರುಗಿಸಿ ನೋಡಲು ಕಲಿಯುತ್ತಾರೆ. ಆಯಿ ತಿರುಗಿಸುತ್ತಲೇ ಇರಲಿಲ್ಲ. "ನನಗೇನಾಗ್ಯಾದ? ಎಲ್ಲಾ ಛಂದ ಕಾಣ್ತದ" ಎನ್ನುತ್ತಿದ್ದರು.

ಅವರೆದುರು ಕೂತು, ನನ್ನ ಮೂಗನ್ನೇ ನೋಡಿರಿ ಎಂದು ಹೇಳಿ, ಎಡಗಡೆ ಮಾತ್ರ ಬೆರಳು ಆಡಿಸಿದೆ. ತುಸು ತಡವಾಗಿ, ಆದರೆ ಸರಿಯಾಗಿ, ಕಂಡಿತು ಎಂದರು. ಬಲಗಡೆ ಆಡಿಸಿದಾಗಲೂ ಕಂಡಿತು. ಎರಡೂ ಕಡೆ ಒಟ್ಟಿಗೆ ಆಡಿಸಿದೆ. ಬಲಗಡೆಯದು ಮಾತ್ರ ಎಂದರು. ಮತ್ತೆ ಮಾಡಿದರೂ ಅದೇ ಉತ್ತರ. ಒಂಟಿಯಾಗಿ ಬಂದಾಗ ಕಂಡ ಬೆರಳು ಜೋಡಿ ಬಂದ ಕೂಡಲೇ ಮಾಯ. ಕಣ್ಣು ಕುರುಡಾಗಿದ್ದರೆ ಹೀಗಾಗಲು ಸಾಧ್ಯವಿಲ್ಲ. ಸುದ್ದಿ ಮಿದುಳಿಗೆ ಬಂದಿದೆ. ಬಲಗಡೆಯ ಸುದ್ದಿಯ ಜೊತೆ ಪೈಪೋಟಿಯಲ್ಲಿ ಸೋತಿದೆ. ನೇತ್ರ ತಜ್ಞರ ತಪಾಸಣೆಯೂ ಇದನ್ನೇ ಹೇಳಿತು: ವಯಸ್ಸಿಗೆ ತಕ್ಕ ಸಣ್ಣ ಪೊರೆ ಇದೆ, ಈ ತೊಂದರೆಗೂ ಅದಕ್ಕೂ ಸಂಬಂಧವಿಲ್ಲ.

ಆಯಿಯ ಈ ತೊಂದರೆಗೆ ವೈದ್ಯರು ನೆಗ್ಲೆಕ್ಟ್ ಎನ್ನುತ್ತಾರೆ. ಗಮನ ಒಂದು ಕಡೆಗೆ ಹೋಗುವುದನ್ನೇ ಬಿಡುತ್ತದೆ. ಬಲ ಮಿದುಳಿಗೆ ಪೆಟ್ಟಾದಾಗ ಎಡಗಡೆ ಹೋಗುವುದೇ ಜಾಸ್ತಿ, ಅದೇ ಜಾಸ್ತಿ ದಿನ ಉಳಿಯುವುದೂ. ಇದಕ್ಕೆ ಹೆಚ್ಚಿನವರು ಕೊಡುವ ವಿವರಣೆ ಹೀಗಿದೆ: ಎಡ ಮಿದುಳು ಬಹುಮಟ್ಟಿಗೆ ಬಲಗಡೆಯನ್ನಷ್ಟೇ ಗಮನಿಸುತ್ತದೆ. ಬಲ ಮಿದುಳು ಎರಡೂ ಕಡೆ ಗಮನ ಇಡುತ್ತದೆ. ಎಡ ಮಿದುಳು ಕೆಟ್ಟರೆ ಬಲದ್ದು ಸಂಭಾಳಿಸುತ್ತದೆ. ಬಲದ್ದು ಕೆಟ್ಟರೆ ಎಡಗಡೆಯನ್ನು ನೋಡಿಕೊಳ್ಳುವವರು ಯಾರೂ ಇಲ್ಲ.

ಪರೀಕ್ಷೆಗೆ ಪುಸ್ತಕದಲ್ಲಿರುವ ಹಾಳೆಗಳು ಇವೆ. ಗೆರೆಯ ನಡುವೆ ಗುರುತು ಹಾಕುವುದು, ಗಡಿಯಾರ ಬರೆಯುವುದು, ಹಾಳೆ ತುಂಬಾ ಇರುವ ಸಣ್ಣ ಗೆರೆಗಳನ್ನೆಲ್ಲ ಹೊಡೆದು ಹಾಕುವುದು. ಆಯಿ ಶಾಲೆಗೆ ಹೋದವರಲ್ಲ. ಪೆನ್ನು ಹಿಡಿಸಿ ಗಡಿಯಾರ ಬರೆಸಿದರೆ ಏನು ತಪ್ಪಿತು ಎಂದು ಹೇಳುವುದು ಕಷ್ಟ. ಗಮನ ತಪ್ಪಿತೋ, ಅಭ್ಯಾಸವಿಲ್ಲದೆ ತಪ್ಪಿತೋ? ಹಾಗಾಗಿ ಅವರ ಕೈಗೆ ಬಂದ ಕೆಲಸಗಳನ್ನೇ ಪರೀಕ್ಷೆ ಮಾಡಿಕೊಂಡೆ. ನಮ್ಮ ಭಾಗದಲ್ಲಿ ಈ ಕೆಲಸ ಮಾಡುವವರೆಲ್ಲ ಹೀಗೆ ಮಾಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅಕ್ಷರ ಬಾರದವರ ಮುಂದೆ ಹಾಳೆ ಇಟ್ಟು ಅವರನ್ನು ಅಳೆಯುವುದು ಅನ್ಯಾಯ.

ಮೊರದಲ್ಲಿ ತೊಗರಿಬೇಳೆ ಹರಡಿ, ಅದರಲ್ಲಿ ಸಣ್ಣ ಕಲ್ಲು ಬೆರೆಸಿ, ಆರಿಸಲು ಕೊಟ್ಟೆ. ಜೀವಮಾನವೆಲ್ಲ ಮಾಡಿದ ಕೆಲಸ. ಬಲ ಅರ್ಧದಲ್ಲಿದ್ದ ಕಲ್ಲುಗಳೆಲ್ಲ ಚಕಚಕನೆ ಹೊರಬಂದವು. ನಡುವಿನಿಂದ ಎಡಕ್ಕೆ ಕೈ ಹೋಗಲೇ ಇಲ್ಲ. "ಆತು, ಸ್ವಚ್ಛ ಆತು" ಎಂದು ಮೊರ ಮುಂದೆ ತಳ್ಳಿದರು.

ಎರಡನೆಯದು ಹಿಟ್ಟಿನ ಉಂಡೆ. 1996ರಲ್ಲಿ ಸ್ವೀಡನ್ನಿನ ಥಾಮ್ ಮತ್ತು ಟೆಗ್ನೇರ್ ಎಂಬ ಸಂಶೋಧಕರು ಒಂದು ಸರಳ ಪರೀಕ್ಷೆ ಕೊಟ್ಟರು. ಒಲೆಗೆ ಇಡುವ ತಟ್ಟೆಯಲ್ಲಿ ಬನ್ನು ಜೋಡಿಸಿದ ಹಾಗೆ 16 ಸಣ್ಣ ತುಂಡುಗಳನ್ನು ಒಂದು ಹಲಗೆಯ ಮೇಲೆ ಸಮನಾಗಿ ಹರಡಬೇಕು. ಅಷ್ಟೇ. ನಾನು ಅಗಲವಾದ ಪರಾತ ಇಟ್ಟು 16 ಉಂಡೆ ಕೊಟ್ಟೆ. ಎಲ್ಲವೂ ಬಲಗಡೆ ಒತ್ತೊತ್ತಾಗಿ ಕೂತವು. ಜಾಗ ಸಾಲದೆ ಕೊನೆಯವು ಒಂದರ ಮೇಲೊಂದು ಬಂದವು. ಎಡಗಡೆ ಅಷ್ಟು ಜಾಗ ಖಾಲಿ ಬಿದ್ದಿತ್ತು.

ಇಲ್ಲಿ ಇನ್ನೊಂದು ಸಂಗತಿ ನನ್ನನ್ನು ಹಿಡಿದು ನಿಲ್ಲಿಸಿತು. ಎಡಗೈಗೆ ಸ್ವಲ್ಪ ಬಲ ಬಂದ ಮೇಲೆ ಆಯಿ ಒಂದು ರೊಟ್ಟಿ ಬಡಿದು ನೋಡುತ್ತೇನೆ ಎಂದರು. ಅರ್ಧ ದಪ್ಪ, ಅರ್ಧ ತೆಳು ಆಗುತ್ತದೆ ಎಂದು ಮಗ ಅಂದುಕೊಂಡಿದ್ದ. ರೊಟ್ಟಿ ಗುಂಡಗೇ ಬಂತು. ಯಾಕೆ? ಬಡಿಯುವಾಗ ರೊಟ್ಟಿ ಕೈಕೆಳಗೆ ತಿರುಗುತ್ತಲೇ ಇರುತ್ತದೆ. ಈಗ ಎಡಕ್ಕಿದ್ದ ಅಂಚು ಮುಂದಿನ ಕ್ಷಣಕ್ಕೆ ಬಲಕ್ಕೆ ಬರುತ್ತದೆ. ಆಯಿ ಕಳೆದುಕೊಂಡದ್ದು ರೊಟ್ಟಿಯ ಎಡ ಅಂಚನ್ನಲ್ಲ, ತಮ್ಮ ಮೈಯಿಂದ ಎಡಕ್ಕಿರುವ ಜಾಗವನ್ನು. ವಸ್ತು ತಿರುಗಿದರೆ ಅದು ಮತ್ತೆ ಅವರ ಲೋಕದೊಳಗೆ ಬರುತ್ತದೆ. ಎಲ್ಲ ರೋಗಿಗಳಲ್ಲೂ ಹೀಗೆ ಇರುವುದಿಲ್ಲ. ಕೆಲವರು ಪ್ರತಿಯೊಂದು ವಸ್ತುವಿನ ಎಡ ಅರ್ಧವನ್ನೇ ಬಿಡುತ್ತಾರೆ, ಅದು ಎಲ್ಲೇ ಇರಲಿ. ಆಯಿಯ ತೊಂದರೆ ಯಾವ ಬಗೆಯದು ಎಂಬುದನ್ನು ಆ ಒಂದು ರೊಟ್ಟಿ ಹೇಳಿತು. ಅದೇ ದಿನದಿಂದ ಊಟದ ನಡುವೆ ತಾಟನ್ನು ಅರ್ಧ ಸುತ್ತು ತಿರುಗಿಸಲು ಸೊಸೆಗೆ ಹೇಳಿದೆ. ಪುಂಡಿಪಲ್ಯ ಖಾಲಿಯಾಗತೊಡಗಿತು.

ಕಣ್ಣು ಮುಚ್ಚಿದಾಗ

ಇಷ್ಟಾದರೂ ಮಗನಿಗೆ ಸಮಾಧಾನವಿರಲಿಲ್ಲ. "ಕಣ್ಣಿಗೆ ಬಿದ್ದದ್ದು ಕಾಣಂಗಿಲ್ಲ ಅಂದ್ರ ಹ್ಯಾಂಗ್ರಿ?" ಎಂದು ಮತ್ತೆ ಮತ್ತೆ ಕೇಳುತ್ತಿದ್ದ. ನ್ಯಾಯವಾದ ಪ್ರಶ್ನೆ. ಕಣ್ಣು ತೆಗೆದರೆ ಎದುರಿಗಿರುವುದೆಲ್ಲ ತಾನಾಗಿ ಒಳಗೆ ಬರುತ್ತದೆ ಎಂದೇ ನಾವೆಲ್ಲ ನಂಬಿರುತ್ತೇವೆ, ಅಲ್ವಾ?

ಹಾಗಾಗುವುದಿಲ್ಲ. ತೋಳು ಚಾಚಿ ಹೆಬ್ಬೆರಳು ಎತ್ತಿ ಹಿಡಿದರೆ ಅದರ ಅಗಲ ಎಷ್ಟೋ, ಸುಮಾರು ಅಷ್ಟು ಜಾಗವನ್ನು ಮಾತ್ರ ಕಣ್ಣು ಒಂದು ಸಲಕ್ಕೆ ನಿಚ್ಚಳವಾಗಿ ಹಿಡಿಯುತ್ತದೆ. ಉಳಿದದ್ದೆಲ್ಲ ಮಸುಕು. ಕಣ್ಣು ಸೆಕೆಂಡಿಗೆ ಸುಮಾರು ಮೂರು ಸಲ ಜಿಗಿಯುತ್ತಾ ಚೂರು ಚೂರಾಗಿ ಸುದ್ದಿ ತರುತ್ತದೆ. ಆ ಚೂರುಗಳಿಂದ ಒಂದು ನೆಲೆಯಾದ ಕೋಣೆಯನ್ನು ಕಟ್ಟುವುದು ಮಿದುಳು. ಕಣ್ಣಿನ ಹಿಂದೆ ನರ ಹೊರಬೀಳುವ ಕಡೆ ಏನೂ ಕಾಣದ ಒಂದು ಚುಕ್ಕೆ ಎಲ್ಲರಿಗೂ ಇದೆ. ಅಲ್ಲಿ ತೂತು ಯಾರಿಗೂ ಕಾಣುವುದಿಲ್ಲ, ಸುತ್ತಲಿನದನ್ನು ನೋಡಿ ಮಿದುಳು ತುಂಬಿಕೊಳ್ಳುತ್ತದೆ. ಕಣ್ಣಿನಿಂದ ಬರುವ ಸುದ್ದಿ ಮಿದುಳಿನ ನಡುವೆ ಒಂದು ಕಡೆ ತಂಗುತ್ತದೆ. ಆ ತಾಣಕ್ಕೆ ಕಣ್ಣಿನಿಂದ ಬರುವ ಕೊಂಡಿಗಳಿಗಿಂತ ಮಿದುಳಿನ ಮೇಲ್ಪದರದಿಂದ ಮರಳಿ ಬರುವ ಕೊಂಡಿಗಳೇ ಜಾಸ್ತಿ. ಯಾವುದು ಮುಂದಕ್ಕೆ ಹೋಗಬೇಕು, ಯಾವುದು ಬೇಡ ಎಂಬುದರಲ್ಲಿ ಮಿದುಳಿನ ಮಾತು ಅಷ್ಟು ನಡೆಯುತ್ತದೆ.

ಗಮನದ ವಿಷಯ ಇನ್ನೂ ಸೋಜಿಗ. 1999ರಲ್ಲಿ ಡೇನಿಯಲ್ ಸೈಮನ್ಸ್ ಮತ್ತು ಕ್ರಿಸ್ಟೋಫರ್ ಶಾಬ್ರಿ ಪ್ರಕಟಿಸಿದ ಪ್ರಯೋಗದಲ್ಲಿ ಜನರಿಗೆ ಒಂದು ವಿಡಿಯೊ ತೋರಿಸಿದರು. ಚೆಂಡನ್ನು ಎಷ್ಟು ಸಲ ಒಬ್ಬರಿಗೊಬ್ಬರು ಎಸೆದರು ಎಂದು ಎಣಿಸಬೇಕಿತ್ತು. ನಡುವೆ ಗೊರಿಲ್ಲಾ ವೇಷದವರೊಬ್ಬರು ಬಂದು, ಎದೆ ಬಡಿದುಕೊಂಡು ಹೋದರು. ನೋಡಿದವರಲ್ಲಿ ಸುಮಾರು ಅರ್ಧ ಜನಕ್ಕೆ ಅದು ಕಾಣಲೇ ಇಲ್ಲ. ಅವರ ಕಣ್ಣೂ ಸರಿ, ಮಿದುಳೂ ಸರಿ. ಮಗನಿಗೆ ಇದನ್ನು ಹೇಳಿದೆ. "ನಿಮ್ಮ ಗಮನ ಬೇಕಾದಾಗ ಎತ್ತ ಬೇಕಾದರೂ ತಿರುಗುತ್ತದೆ. ಅವ್ವಂದು ಎಡಕ್ಕೆ ತಿರುಗುವುದೇ ಇಲ್ಲ" ಎಂದೆ. ಅವನು ತಲೆ ಆಡಿಸಿದ. ಆದರೂ ನಿಜವಾಗಿ ಮನಸ್ಸಿಗೆ ಇಳಿದದ್ದು ಮುಂದಿನ ಪರೀಕ್ಷೆಯಿಂದ.

ಆಯಿಯನ್ನು ಕಣ್ಣು ಮುಚ್ಚಿಕೊಳ್ಳಲು ಹೇಳಿದೆ. "ಆಯಿ, ಈಗ ನೀವು ನಿಮ್ಮ ಖಾನಾವಳಿ ಬಾಗಿಲದಾಗ ನಿಂತೀರಿ. ಒಳಗ ಮಾರಿ ಮಾಡೀರಿ. ಏನೇನದ ಹೇಳ್ರಿ." ಅವರ ಮುಖದಲ್ಲಿ ಬೆಳಕು ಬಂತು. ತಾವೇ ಕಟ್ಟಿ ಬೆಳೆಸಿದ ಜಾಗ. ಕೈ ತೊಳೆಯುವ ನಲ್ಲಿ ಎಂದರು. ಎರಡು ಬೆಂಚು, ಹಿಟ್ಟಿನ ಡಬ್ಬ, ನೀರಿನ ಕೊಡ, ಕೊನೆಗೆ ಒಲೆ ಎಂದರು. ಸಾಕು, ಇಷ್ಟೇ ಎಂದರು. ಮಗ ನನ್ನನ್ನು ನೋಡಿದ. ಅವರು ಹೇಳಿದ್ದೆಲ್ಲ ಬಾಗಿಲಿಂದ ನೋಡಿದರೆ ಬಲಕ್ಕಿರುವುದು, ಇಲ್ಲವೇ ನೇರ ಎದುರಿಗಿರುವುದು. ಎಡಕ್ಕಿದ್ದ ಗಲ್ಲಾ ಇಲ್ಲ. ಗಲ್ಲಾದ ಮೇಲಿನ ಶರಣಬಸವೇಶ್ವರರ ಫೋಟೊ ಇಲ್ಲ. ಅದಕ್ಕೆ ದಿನಾ ಬೆಳಿಗ್ಗೆ ಊದುಬತ್ತಿ ಹಚ್ಚದೆ ಅವರು ಒಲೆ ಹೊತ್ತಿಸಿದವರಲ್ಲ. ಫ್ರಿಜ್ ಇಲ್ಲ, ರೊಟ್ಟಿ ಬುಟ್ಟಿ ಇಡುವ ಕಟ್ಟೆಯೂ ಇಲ್ಲ.

"ಅವ್ವಾ, ಗಲ್ಲಾ ಮರತಿ ನೋಡು" ಎಂದು ಅವನು ಬಾಯಿ ತೆಗೆಯುವಷ್ಟರಲ್ಲಿ ತಡೆದೆ. ಸ್ವಲ್ಪ ಹೊತ್ತು ಬೇರೆ ಮಾತಾಡಿದೆವು. ಆಮೇಲೆ ಮತ್ತೆ ಕಣ್ಣು ಮುಚ್ಚಿಸಿ, "ಈಗ ಒಲಿ ಮುಂದ ನಿಂತು ಬಾಗಿಲದ ಕಡೆ ನೋಡ್ಲತ್ತೀರಿ. ಏನೇನು ಕಾಣ್ತದ?" ಎಂದೆ. ರೊಟ್ಟಿ ಬುಟ್ಟಿ ಎಂದರು. ಫ್ರಿಜ್, ಗಲ್ಲಾ, ಅಪ್ಪನ (ಶರಣಬಸವೇಶ್ವರರ) ಫೋಟೊ, ಫೋಟೊದ ಕೆಳಗೆ ಊದುಬತ್ತಿ ಡಬ್ಬಿ, ಎಲ್ಲ ಬಂದವು. ಗಲ್ಲಾದ ಪೆಟ್ಟಿಗೆಯ ಒಂದು ಕೀಲು ಸಡಿಲಾಗಿದ್ದನ್ನೂ ಹೇಳಿದರು. ಈ ಸಲ ನಲ್ಲಿ ಇಲ್ಲ. ಬೆಂಚು ಇಲ್ಲ. ಹಿಟ್ಟಿನ ಡಬ್ಬ ಇಲ್ಲ. ಮೊದಲು ಒಂದೊಂದಾಗಿ ಹೆಸರಿಸಿದ್ದೆಲ್ಲ ಈಗ ಎಡಕ್ಕೆ ಹೋಗಿ ಅಳಿಸಿ ಹೋಗಿದ್ದವು.

ಮಗ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ನೆನಪದ. ಮತ್ತ ಇಲ್ಲ" ಎಂದ. ನಾನು ಇಷ್ಟು ಚೆನ್ನಾಗಿ ಹೇಳಲಾರೆ.

ಈ ಪರೀಕ್ಷೆಯ ದಾರಿ ತೋರಿದವರು ಇಟಲಿಯ ಎಡೊಆರ್ಡೊ ಬಿಸಿಯಾಕ್ ಮತ್ತು ಕ್ಲಾಡಿಯೊ ಲುಜಾಟಿ. 1978ರಲ್ಲಿ ಅವರು ಮಿಲಾನ್ ನಗರದ ಇಬ್ಬರು ರೋಗಿಗಳಿಗೆ, ಅವರಿಗೆ ಚಿರಪರಿಚಿತವಾದ ದೊಡ್ಡ ಚರ್ಚಿನ ಮುಂದಿನ ಚೌಕವನ್ನು ಮನಸ್ಸಿನಲ್ಲೇ ನೋಡಿ ವರ್ಣಿಸಲು ಹೇಳಿದರು. ಒಮ್ಮೆ ಚರ್ಚಿಗೆ ಎದುರಾಗಿ ನಿಂತಂತೆ, ಇನ್ನೊಮ್ಮೆ ಚರ್ಚಿನ ಮೆಟ್ಟಿಲ ಮೇಲೆ ನಿಂತು ಈ ಕಡೆ ನೋಡಿದಂತೆ. ಎರಡೂ ಸಲ ಬಲಗಡೆಯ ಕಟ್ಟಡಗಳು ಮಾತ್ರ ಚೆನ್ನಾಗಿ ಬಂದವು. ನಿಂತ ಜಾಗ ಬದಲಾದ ಕೂಡಲೇ ಕಳೆದುಹೋದ ಕಟ್ಟಡಗಳು ಮರಳಿ, ಇದ್ದವು ಕಳೆದವು.

ನನ್ನ ಮಟ್ಟಿಗೆ ಮಿದುಳಿನ ಬಗ್ಗೆ ಇಷ್ಟು ಕಡಿಮೆ ಸಾಮಾನಿನಲ್ಲಿ ಇಷ್ಟು ದೊಡ್ಡ ಸಂಗತಿ ತೋರಿಸಿದ ಪ್ರಯೋಗ ಇನ್ನೊಂದಿಲ್ಲ. ಎರಡು ವಿಷಯ ಇದರಿಂದ ತಿಳಿಯುತ್ತವೆ. ಒಂದು, ನೆನಪು ಇಡಿಯಾಗಿಯೇ ಇದೆ. ಖಾನಾವಳಿಯ ಪ್ರತಿ ವಸ್ತುವೂ ಆಯಿಯೊಳಗೆ ಇದೆ. ಇನ್ನೊಂದು, ಮನಸ್ಸಿನಲ್ಲಿ ನೋಡುವುದೆಂದರೆ ಇಟ್ಟಿದ್ದ ಫೋಟೊವನ್ನು ತೆಗೆದು ನೋಡುವುದಲ್ಲ. ಆ ಹೊತ್ತಿಗೆ, ಒಂದು ಕಡೆ ನಿಂತು, ಎಡ ಬಲ ಎಂದು ಜಾಗ ಹಂಚಿ, ನೋಟವನ್ನು ಹೊಸದಾಗಿ ಕಟ್ಟಬೇಕು. ಹೊರಗಿನ ಕೋಣೆಯನ್ನು ನೋಡುವಾಗ ಜಾಗ ಹಂಚುವ ಮಿದುಳಿನ ಭಾಗಕ್ಕೂ ಈ ಕೆಲಸದಲ್ಲಿ ಪಾಲಿದೆ. ಅದು ಕೆಟ್ಟಾಗ ಕಣ್ಣು ತೆಗೆದರೂ ಮುಚ್ಚಿದರೂ ಎಡಗಡೆ ಬರುವುದಿಲ್ಲ.

ಆದರೆ ಎರಡೂ ಯಾವಾಗಲೂ ಒಟ್ಟಿಗೇ ಕೆಡುತ್ತವೆ ಎಂದು ತಿಳಿಯಬಾರದು. 1993ರಲ್ಲಿ ಇಟಲಿಯ ಗ್ವಾರಿಲ್ಯಾ ಮತ್ತು ಜೊತೆಗಾರರು ಒಬ್ಬ ರೋಗಿಯ ವಿವರ ಕೊಟ್ಟರು. ಆತ ಎದುರಿಗಿರುವುದನ್ನು ಎರಡೂ ಕಡೆ ಸರಿಯಾಗಿ ನೋಡುತ್ತಿದ್ದ. ಕಲ್ಪನೆಯ ನೋಟದಲ್ಲಿ ಮಾತ್ರ ಎಡಗಡೆ ಇಲ್ಲ. ಇದಕ್ಕೆ ತದ್ವಿರುದ್ಧವಾದ ಪ್ರಕರಣಗಳೂ ಇವೆ. ಹಾಗಾಗಿ ಬೇಳೆ ಆರಿಸುವುದನ್ನು ಮಾತ್ರ ನೋಡಿ ಬಿಡುವುದೂ ತಪ್ಪು, ಕಣ್ಣು ಮುಚ್ಚಿಸಿ ಕೇಳಿ ಬಿಡುವುದೂ ತಪ್ಪು.

ಕಾಣದೆ ಉಳಿದದ್ದು ಪೂರ್ತಿ ಕಳೆದುಹೋಗಿರುತ್ತದೆಯೇ? 1988ರಲ್ಲಿ ಜಾನ್ ಮಾರ್ಷಲ್ ಮತ್ತು ಪೀಟರ್ ಹ್ಯಾಲಿಗನ್ ಒಬ್ಬ ಮಹಿಳೆಗೆ ಎರಡು ಮನೆಗಳ ಚಿತ್ರ ತೋರಿಸಿದರು. ಎರಡೂ ಒಂದೇ ಥರ, ಒಂದರ ಎಡಗಡೆ ಬೆಂಕಿ ಹತ್ತಿತ್ತು. ಎರಡೂ ಒಂದೇ ಎಂದಳು. ಯಾವುದರಲ್ಲಿ ಇರುತ್ತೀರಿ ಎಂದು ಕೇಳಿದರೆ, ಇದೆಂಥ ಪ್ರಶ್ನೆ ಎನ್ನುತ್ತಲೇ, ಹೆಚ್ಚಿನ ಸಲ ಬೆಂಕಿ ಇಲ್ಲದ ಮನೆ ಆರಿಸಿದಳು. ಅರಿವಿಗೆ ಬಾರದ ಸುದ್ದಿಯೂ ಒಳಗೆಲ್ಲೋ ಕೆಲಸ ಮಾಡುತ್ತದೆ. ಆಯಿಯ ಮನೆಯವರಿಗೆ ನಾನು ಇದನ್ನು ಹೇಳಿದ್ದಕ್ಕೆ ಒಂದು ಕಾರಣವಿದೆ. ಎಡಗಡೆ ನಿಂತು ಅವರ ಬಗ್ಗೆ ಏನೇನೋ ಮಾತಾಡಬೇಡಿ, ಕೇಳಿಸುವುದಿಲ್ಲ ಎಂದುಕೊಳ್ಳಬೇಡಿ.

ಮಾಡಿದ್ದು, ಆದದ್ದು

ತಮಗೆ ಏನೂ ಆಗಿಲ್ಲ ಎನ್ನುವವರಿಗೆ "ಎಡಕ್ಕೆ ನೋಡಿರಿ" ಎಂದು ಹೇಳಿದರೆ ಅವರು ಕೇಳುವುದಿಲ್ಲ. ಅವರ ಲೆಕ್ಕದಲ್ಲಿ ಅವರು ಎಡಕ್ಕೆ ನೋಡಿಯೇ ಇದ್ದಾರೆ. ಹಾಗಾಗಿ ಎಡಗಡೆಯ ಕೊನೆಗೆ ಒಂದು ಗುರುತು ಇಡಬೇಕು. ಪರಾತದ ಎಡ ಅಂಚಿಗೆ, ಮೊರದ ಎಡ ಅಂಚಿಗೆ ಕೆಂಪು ಬಟ್ಟೆ ಕಟ್ಟಿಸಿದೆ. ಅದು ಕಾಣುವ ತನಕ ಕತ್ತು ತಿರುಗಿಸಬೇಕು, ಅಲ್ಲಿಂದ ಬಲಕ್ಕೆ ಬೇಳೆ ಆರಿಸುತ್ತಾ ಬರಬೇಕು. ಮೊದಲು ಸೊಸೆ ಮೆಲ್ಲಗೆ ಗಲ್ಲ ಹಿಡಿದು ತಿರುಗಿಸುತ್ತಿದ್ದಳು. ಆಮೇಲೆ ಬಾಯಿಮಾತು ಸಾಕಾಯಿತು. ಆಮೇಲೆ ಆಯಿಯೇ "ಕೆಂಪ ಎಲ್ಲದ?" ಎಂದು ಗೊಣಗುತ್ತಾ ಹುಡುಕತೊಡಗಿದರು.

ಇನ್ನೊಂದು, ಎಡಗೈ. ಸೋತ ಕಡೆಯ ಕೈಯನ್ನು ಅದೇ ಕಡೆ ಇಟ್ಟು ಸ್ವಲ್ಪವಾದರೂ ಆಡಿಸಿದರೆ ಆ ಬದಿಯ ಗಮನ ಹೆಚ್ಚುತ್ತದೆ ಎಂದು ಬ್ರಿಟನ್ನಿನಲ್ಲಿ ಇಯಾನ್ ರಾಬರ್ಟ್‌ಸನ್ ಮತ್ತು ಜೊತೆಗಾರರು 1990ರ ದಶಕದಲ್ಲಿ ತೋರಿಸಿದ್ದರು. ಆಯಿಯ ಎಡಗೈಗೆ ಗಾಜಿನ ಬಳೆ ಜಾಸ್ತಿ ತೊಡಿಸಿದೆವು. ಬೇಳೆ ಆರಿಸುವ ಮುಂಚೆ, ಉಣ್ಣುವ ಮುಂಚೆ ಆ ಬಳೆ ಸದ್ದು ಮಾಡಬೇಕು. ಸದ್ದು, ಬಣ್ಣ, ಕೈಯ ಅಲುಗಾಟ ಮೂರೂ ಒಂದೇ ಕಡೆಯಿಂದ ಬರುತ್ತಿದ್ದವು. ನೋಟವನ್ನು ಬಲಕ್ಕೆ ಸರಿಸುವ ಪ್ರಿಸಂ ಕನ್ನಡಕ ಹಾಕಿ ಅಭ್ಯಾಸ ಮಾಡಿಸುವ ವಿಧಾನವೂ ಇದೆ. 1998ರಲ್ಲಿ ಫ್ರಾನ್ಸಿನ ಈವ್ ರೊಸೆಟ್ಟಿ ಮತ್ತು ಜೊತೆಗಾರರು ಅದನ್ನು ವರದಿ ಮಾಡಿದರು. ಆಮೇಲಿನ ಅಧ್ಯಯನಗಳ ಫಲ ಒಂದೇ ತೆರನಾಗಿಲ್ಲ. ಇಲ್ಲಿ ನಾನು ಅದನ್ನು ಬಳಸಲಿಲ್ಲ.

ಮೊದಲ ಕೆಲವು ವಾರಗಳಲ್ಲಿ ಮಿದುಳು ತಾನಾಗಿಯೂ ಸುಧಾರಿಸಿಕೊಳ್ಳುತ್ತದೆ. ಹಾಗಾಗಿ ಆಯಿಯ ಸುಧಾರಣೆಯಲ್ಲಿ ಅಭ್ಯಾಸದ ಪಾಲು ಎಷ್ಟು, ಕಾಲದ ಪಾಲು ಎಷ್ಟು ಎಂದು ಒಂದೇ ಪ್ರಕರಣದಿಂದ ಬಿಡಿಸಿ ಹೇಳಲಾಗದು. ಸುಧಾರಣೆಯಂತೂ ಆಯಿತು. ತಾಟು ತಿರುಗಿಸುವ ಅಗತ್ಯ ಹೋಯಿತು. ಮೊರದ ಎಡಗಡೆಯ ಕಲ್ಲೂ ಹೊರಬರತೊಡಗಿದವು. ಬಾಗಿಲಲ್ಲಿ ನಿಂತಂತೆ ಖಾನಾವಳಿಯನ್ನು ಹೇಳಿಸಿದಾಗ ಮೊದಲು ನಲ್ಲಿ, ಬೆಂಚು, ಡಬ್ಬ ಬಂದವು. ಬಳೆಯನ್ನು ಒಮ್ಮೆ ಅಲುಗಿಸಿದರು. ಆಮೇಲೆ, ಬಹಳ ತಡವಾಗಿ, "ಗಲ್ಲಾ" ಎಂದರು. ಫ್ರಿಜ್ ಮಾತ್ರ ಬರಲಿಲ್ಲ.

ಪೂರ್ತಿ ವಾಸಿಯಾಗಿಲ್ಲ. ದಣಿದಾಗ, ಜನ ತುಂಬಿದಾಗ, ಎರಡು ಕಡೆಯಿಂದ ಮಾತು ಬಂದಾಗ ಎಡಗಡೆ ಮತ್ತೆ ಹೋಗುತ್ತದೆ. ಖಾನಾವಳಿಯಲ್ಲಿ ಮಧ್ಯಾಹ್ನದ ಹೊತ್ತು ಈ ಮೂರೂ ಒಟ್ಟಿಗೇ ಇರುತ್ತವೆ. ಆದ್ದರಿಂದ ಒಲೆಗೆ ಮರಳುವ ಬಗ್ಗೆ ಮನೆಯವರೊಂದಿಗೆ ಕೂತು ಮಾತಾಡಿ ಹೀಗೆ ನಿರ್ಧರಿಸಿದೆವು. ಆಯಿ ಬೆಳಿಗ್ಗೆ, ಗಿರಾಕಿ ಬರುವ ಮೊದಲು ರೊಟ್ಟಿ ಬಡಿಯುತ್ತಾರೆ. ಹಂಚು, ಎಸರಿನ ಪಾತ್ರೆ ಎರಡೂ ಅವರ ಬಲಕ್ಕೆ. ಎಡಕ್ಕೆ ಬಿಸಿಯಾದದ್ದು, ಹರಿತವಾದದ್ದು ಏನೂ ಇರಕೂಡದು. ಅಲ್ಲಿ ಸೊಸೆ ಕೂರುತ್ತಾಳೆ, ಗ್ಯಾಸ್ ಅವಳ ಕೈಯಲ್ಲಿ. ರಸ್ತೆ ದಾಟುವುದು ಒಬ್ಬರೇ ಬೇಡ. ಇದಕ್ಕೆ ಆಯಿ ಇನ್ನೂ ಒಪ್ಪಿಲ್ಲ. ಗುಡಿಗೆ ತಾವೊಬ್ಬರೇ ಹೋಗಿಬರಬೇಕು ಎನ್ನುತ್ತಾರೆ. ಗದ್ದಲದಲ್ಲಿ ಎಡದಿಂದ ಬರುವ ಆಟೊ ಅವರಿಗೆ ಕಾಣುತ್ತದೆ ಎಂದು ಖಾತ್ರಿಯಾಗುವ ತನಕ ಮಗ ಜೊತೆಗೆ, ಅವರ ಎಡಗಡೆಗೇ ನಡೆಯುತ್ತಾನೆ. ಮುಂದಿನ ತಪಾಸಣೆಯಲ್ಲಿ ಮೊದಲು ನೋಡಬೇಕಾದದ್ದು ಅದನ್ನೇ.